ನೇರಪ್ಪನ ಸೊಟ್ಟ ಗೆರೆ

ಅವನ ನಿಜವಾದ ಹೆಸರು ಇದ್ದದ್ದು ಹಾಜರಿ ಪುಸ್ತಕದಲ್ಲಿ ಮಾತ್ರ. ಉಳಿದಂತೆ ಊರಿಗೆಲ್ಲ ಅವನು ನೇರಪ್ಪ. ಮೂವತ್ತೆರಡು ವರ್ಷ ಊರಿನ ಆಟದ ಮೈದಾನದಲ್ಲಿ ಹುಲ್ಲು ಕತ್ತರಿಸಿದವನಿಗೆ ಆಟಗಾರರು ಇಟ್ಟ ಹೆಸರು ಅದು. ಎರಡು ಗೂಟ ನೆಟ್ಟು, ನಡುವೆ ಬಿಳಿ ಹುರಿ ಬಿಗಿದು, ಆ ಹುರಿಯ ಪಕ್ಕದಲ್ಲೇ ಯಂತ್ರ ತಳ್ಳಿಕೊಂಡು ಹೋಗುವುದು ಅವನ ಪದ್ಧತಿ. ಹೋದ ಗೆರೆ, ಬಂದ ಗೆರೆ, ಎರಡೂ ಕೂದಲೆಳೆಯಷ್ಟೂ ಆಚೀಚೆ ಆಗುತ್ತಿರಲಿಲ್ಲ. ಆಟ ಸಪ್ಪೆಯಾದ ದಿನ ಜನ ಅವನ ಗೆರೆಗಳನ್ನಾದರೂ ನೋಡಿಕೊಂಡು ಮನೆಗೆ ಹೋಗುತ್ತಿದ್ದರು. ಹುಲ್ಲು ಅರ್ಧ ಇಂಚು ದಾಟಿತೆಂದರೆ ಅವನಿಗೆ ಊಟ ಸೇರುತ್ತಿರಲಿಲ್ಲ. ಹೆಂಡತಿಯ ಬೈತಲೆ ಒಂಚೂರು ವಾಲಿದರೂ ತಡೆಯಲಾರದೆ ಬಾಯಿ ಹಾಕಿ ಬೈಸಿಕೊಳ್ಳುತ್ತಿದ್ದ ಮನುಷ್ಯ.

ಇನ್ನೊಂದು ಅಭ್ಯಾಸವೂ ಇತ್ತು. ಯಂತ್ರ ಶುರು ಮಾಡುವ ಮುಂಚೆ ಕೈಯಲ್ಲೊಂದು ಕೋಲು ಹಿಡಿದು, ಕತ್ತರಿಸಬೇಕಾದ ಜಾಗವನ್ನೆಲ್ಲ ಒಮ್ಮೆ ನಡೆದು ನೋಡುವುದು. ಕೆಲಸಕ್ಕೆ ಸೇರಿದ ಮೊದಲ ವಾರವೇ ಹುಲ್ಲಿನಲ್ಲಿದ್ದ ಕಲ್ಲೊಂದು ಅಲಗಿಗೆ ಸಿಕ್ಕು ಸಿಡಿದು ಅವನ ಮೊಣಕಾಲಿಗೆ ಬಡಿದಿತ್ತು. ಅಂದಿನಿಂದ, ನಡೆಯದೆ ಕತ್ತರಿಸಿದ ದಿನವಿಲ್ಲ. ಕಲ್ಲು, ಚೆಂಡು, ಬೀಗದ ಕೈ, ಒಮ್ಮೆ ಯಾರದೋ ಕಟ್ಟಿಸಿದ ಹಲ್ಲು, ಎಲ್ಲವೂ ಆ ನಡಿಗೆಯಲ್ಲಿ ಅವನ ಜೇಬಿಗೆ ಬಂದಿದ್ದವು. ಮೊಣಕಾಲಿನ ನೋವು ಮಾತ್ರ ಬಿಟ್ಟುಹೋಗಲಿಲ್ಲ.

ನಿವೃತ್ತಿಯ ದಿನ ಮೈದಾನದವರು ಹಾರ ಹಾಕಿ, ಅವನ ಹಳೆಯ ಯಂತ್ರವನ್ನು ಅವನಿಗೇ ಕೊಟ್ಟು ಕಳಿಸಿದರು. ಎಡವಟ್ಟಾದದ್ದು ಇಲ್ಲೇ. ಕೈಯಲ್ಲಿ ಯಂತ್ರವಿದೆ, ಮುಂದೆ ಹುಲ್ಲಿಲ್ಲ. ಮನೆಯ ಮುಂದೆ ಚಾಪೆಯಷ್ಟಗಲ ಇದ್ದ ಹುಲ್ಲನ್ನು ದಿನಕ್ಕೆರಡು ಸಲ ಬೋಳಿಸಿ, ಹೆಂಡತಿಯ ಹೂವಿನ ಗಿಡಗಳ ಕಡೆ ಕಣ್ಣು ಹಾಕತೊಡಗಿದ. ಅವಳು ಕುಂಡಗಳನ್ನೆಲ್ಲ ಎತ್ತಿ ಒಳಗಿಟ್ಟುಕೊಂಡಳು.

ಅವನಿಗೆ ಒಬ್ಬಳು ಅಕ್ಕ. ಆರು ವರ್ಷ ದೊಡ್ಡವಳು. ಟೆಲಿಫೋನ್ ಕಚೇರಿಯಲ್ಲಿ ಕಿವಿಗೆ ಯಂತ್ರ ಸಿಕ್ಕಿಸಿಕೊಂಡು ಜೀವಮಾನವಿಡೀ ಜನಕ್ಕೆ ಜನರನ್ನು ಜೋಡಿಸಿಕೊಟ್ಟವಳು. ಮದುವೆ ಮಾತ್ರ ಆಗಲಿಲ್ಲ. ಕೇಳಿದವರಿಗೆ, "ಇಡೀ ಊರಿನ ಮಾತು ಕೇಳಿ ಕೇಳಿ ಸಾಕಾಗಿದೆ, ಮನೇಲೂ ಒಬ್ಬರದ್ದು ಕೇಳ್ಬೇಕಾ?" ಎನ್ನುತ್ತಿದ್ದಳು. ಊರಿನ ಕೊನೆಯ ಬೀದಿಯಲ್ಲಿ, ಸೈಕಲ್ ರಿಪೇರಿ ಅಂಗಡಿಯ ಮೇಲೆ ಅವಳ ಎರಡು ಕೋಣೆ. ಹಿಂದೆ ಅವಳದೇ ಒಂದು ಎಕರೆ ಜಾಗ. ಅದರಾಚೆ ಕುರುಚಲು, ಅದರಾಚೆ ಕಾಡು. ಆ ಎಕರೆಯಲ್ಲಿ ಯಾರೂ ಬಿತ್ತದ, ಯಾರೂ ನೀರು ಹಾಕದ ಹುಲ್ಲು ಆಳೆತ್ತರ ನಿಂತಿತ್ತು. ಸಂಜೆ ಜಿಂಕೆಗಳು ಬರುತ್ತಿದ್ದವು. ಅಕ್ಕನ ಕಣ್ಣಿಗೆ ಪೊರೆ ಬಂದು ಅವು ಮಸುಕಾಗತೊಡಗಿದ ಮೇಲೇ ಅವಳು ಆಪರೇಷನ್ನಿಗೆ ಒಪ್ಪಿದ್ದು.

ಎರಡೂ ಕಣ್ಣು ಮುಗಿಯಲು ಎರಡು ತಿಂಗಳು ಹಿಡಿಯಿತು. ಅಷ್ಟೂ ದಿನ ಅಕ್ಕ ತಮ್ಮನ ಮನೆಯಲ್ಲಿದ್ದಳು. ಅಷ್ಟೂ ದಿನ ನೇರಪ್ಪ ಬೆಳಗಾಗೆದ್ದು ಎಲ್ಲಿಗೋ ಹೋಗಿ, ಮೈಯೆಲ್ಲ ಧೂಳಾಗಿ ಬಂದು, ಕೇಳಿದರೆ ಮುಸಿಮುಸಿ ನಗುತ್ತಿದ್ದ. ಅಕ್ಕನಿಗೆ ಆಶ್ಚರ್ಯ ಕೊಡಬೇಕೆಂದು ಆ ಎಕರೆಯನ್ನು ಕೊಯ್ಯಿಸಿ, ಬುಡಸಮೇತ ಕೀಳಿಸಿ, ರೋಲರ್ ಎಳೆದು ಸಮ ಮಾಡಿ, ಮೈದಾನದ ಹುಲ್ಲಿನ ಬೀಜ ಬಿತ್ತಿ ನೀರು ಹಾಯಿಸಿದ್ದ. ಕೊಯ್ಯಿಸುವ ಮುಂಚೆ ಕೋಲು ಹಿಡಿದು ನಡೆದೂ ನೋಡಿದ್ದ. ಹುಲ್ಲಿನ ನಡುವೆ ಅಲ್ಲಲ್ಲಿ ಯಾರೋ ಮಲಗೆದ್ದು ಹೋದಂತೆ ಉರುಟಾಗಿ ನೆಲ ಒತ್ತಿಕೊಂಡಿತ್ತು. ಯಾರೋ ಸೋಮಾರಿಗಳು ಮಧ್ಯಾಹ್ನ ಬಂದು ಬಿದ್ದುಕೊಳ್ಳುತ್ತಾರೆ ಎಂದುಕೊಂಡು ಇನ್ನಷ್ಟು ಹುರುಪಿನಿಂದ ಕೀಳಿಸಿದ.

ಅಕ್ಕ ಹೊಸ ಕಣ್ಣುಗಳೊಂದಿಗೆ ಮನೆಗೆ ಬಂದು ಹಿಂದಿನ ಕಿಟಕಿ ತೆರೆದಳು. ಹಸಿರು ಬಟ್ಟೆ ಹಾಸಿದಂಥ ಎಕರೆ, ಅದರ ಮೇಲೆ ನೇರವಾದ ಗೆರೆಗಳು. ಬಹಳ ಹೊತ್ತು ನೋಡಿದಳು.

"ಡಾಕ್ಟ್ರು ಸರಿಯಾಗಿ ಮಾಡಿದಾರೆ ತಾನೆ?" ಎಂದಳು. "ನಂಗೇನೂ ಕಾಣಿಸ್ತಿಲ್ವಲ್ಲೋ."

ನೇರಪ್ಪ ಅದನ್ನು ಮೆಚ್ಚುಗೆ ಎಂದೇ ತಿಳಿದ. ಅವನ ತಿಳಿವಳಿಕೆಯೇ ಅಷ್ಟು.

ಮರಿ ಹಾಕುವ ಕಾಲ ಬಂತು. ಪ್ರತಿ ವರ್ಷ ಆ ಎತ್ತರದ ಹುಲ್ಲಿಗೆ ಬರುತ್ತಿದ್ದ ಒಂದು ಹೆಣ್ಣು ಜಿಂಕೆಯಿತ್ತು. ಎಡಗಿವಿ ಅರ್ಧ ಹರಿದದ್ದು. ಅಕ್ಕ ಅದನ್ನು ಹರಕು ಕಿವಿಯವಳು ಎಂದು ಕರೆಯುತ್ತಿದ್ದಳು. ಆ ವರ್ಷವೂ ಬಂದಳು. ಹುಲ್ಲು ಇರಲಿ ಇಲ್ಲದಿರಲಿ, ಗೊತ್ತಿದ್ದ ಜಾಗ ಅದೇ. ಜಿಂಕೆ ಮರಿಯನ್ನು ಹುಲ್ಲಿನಲ್ಲಿ ಮಲಗಿಸಿ ದೂರ ಹೋಗಿ ಮೇಯುತ್ತದೆ. ಮರಿ ಏನಾದರೂ ಆಗಲಿ ಅಲ್ಲಾಡುವುದಿಲ್ಲ. ಅಲ್ಲಾಡದಿರುವುದೊಂದೇ ಅದಕ್ಕೆ ಗೊತ್ತಿರುವ ಉಪಾಯ. ಅರ್ಧ ಇಂಚಿನ ಹುಲ್ಲಿನ ಮೇಲೆ ಆ ಮರಿ ಹಾಗೇ ಅಲ್ಲಾಡದೆ ಮಲಗಿತ್ತು, ಬೀದಿನಾಯಿಗಳೆಲ್ಲ ನೋಡುವಂತೆ.

ಬೆಳಿಗ್ಗೆ ಯಂತ್ರ ತಳ್ಳಿಕೊಂಡು ಬಂದ ನೇರಪ್ಪನಿಗೆ ಹಿಂಬಾಗಿಲ ಮೆಟ್ಟಿಲ ಮೇಲೆ ಕೂತ ಅಕ್ಕ ಕಂಡಳು, ಅವಳ ಪಕ್ಕದಲ್ಲಿ ದೊಣ್ಣೆ. ಅವಳು ನಾಯಿಗಳನ್ನು ಓಡಿಸಲು ಹೋಗುವಷ್ಟರಲ್ಲಿ ಎಲ್ಲ ಮುಗಿದಿತ್ತು. ಹುಲ್ಲಿನ ಮೇಲೆ ಉಳಿದದ್ದನ್ನು ಅವನೇ ಗುಂಡಿ ತೋಡಿ ಮುಚ್ಚಿದ. ಅಕ್ಕ ಬೈದಿದ್ದರೆ ಅವನಿಗೆ ಎಷ್ಟೋ ವಾಸಿಯಿತ್ತು. ಅವಳು ನಾಲ್ಕನೆಯ ದಿನ ತಾನೇ ಅವನ ಮನೆಗೆ ಬಂದು ಬಾಗಿಲಲ್ಲೇ ನಿಂತು ಹೇಳಿದಳು.

"ಮೂರು ದಿನ ಕರೆದಳು ಕಣೋ. ಸಂಜೆಯಾದ್ರೆ ಬಂದು ನಿಂತ್ಕೊಂಡು ಕರೆಯೋಳು. ನಾನೂ ಮೂವತ್ತು ವರ್ಷ ಫೋನಿನ ಮುಂದೆ ಕೂತೋಳು. ಆ ಕಡೆ ಎತ್ತೋರಿಲ್ಲ ಅಂದ್ರೆ ಕರೆಯೋರಿಗೆ ಹೇಗಾಗುತ್ತೆ ಅಂತ ಗೊತ್ತು ನಂಗೆ."

ನೇರಪ್ಪ ನೆಲ ನೋಡಿದ.

"ಕೊಯ್ದೋನು ನೀನು. ಬೆಳೆಸೋನೂ ನೀನೇ. ಅವಳು ಮರಿ ಇಟ್ಟು ಹೋದ್ರೆ ಅದು ಬದುಕೋ ಹಾಗಿರ್ಬೇಕು. ಅಷ್ಟೇ ನಾನು ಕೇಳೋದು."

"ಹುಲ್ಲು ತಾನೆ ಅಕ್ಕ? ನಂಗದು ಎಡಗೈ ಆಟ," ಎಂದ ನೇರಪ್ಪ. ಆದರೆ ಮೂವತ್ತೆರಡು ವರ್ಷದಲ್ಲಿ ಅವನು ಹುಲ್ಲನ್ನು ಬೆಳೆಯಬೇಡ ಎಂದಿದ್ದನೇ ಹೊರತು ಬೆಳೆ ಎಂದು ಒಂದು ದಿನವೂ ಹೇಳಿರಲಿಲ್ಲ.

ಮೊದಲು ತಾನೇ ಹಾಕಿದ ಮೈದಾನದ ಹುಲ್ಲನ್ನು ಸಾಯಿಸಬೇಕಿತ್ತು. ಅದು ಇವನ ಕೈಯಲ್ಲಿ ಬೆಳೆದ ಮಗು, ಸುಲಭಕ್ಕೆ ಸಾಯುವುದೇ? ಮೈದಾನಕ್ಕೆ ಹೋಗಿ, ಮಳೆ ಬಂದಾಗ ಪಿಚ್‌ಗೆ ಹೊದಿಸುವ ಕಪ್ಪು ಟಾರ್ಪಾಲುಗಳಲ್ಲಿ ಹರಿದದ್ದನ್ನೆಲ್ಲ ಬೇಡಿ ತಂದ. ಒಂದೊಂದು ತುಂಡು ಜಾಗಕ್ಕೂ ಒಂದೊಂದು ತಿಂಗಳು ಅವನ್ನು ಹೊದಿಸಿ, ಬಿಸಿಲಿಗೆ ಬೇಯಿಸಿ, ಮುಂದಿನ ತುಂಡಿಗೆ ಸರಿಸುತ್ತ ಹೋದ. ಕೆಳಗಿನ ಅಂಗಡಿಯ ಸೈಕಲ್‌ನವನು ದಿನಾ ಚಕ್ರ ತಿರುಗಿಸುತ್ತ, "ಏನ್ ನೇರಪ್ಪ, ನೆಲಕ್ಕೆ ಜ್ವರಾನಾ, ಹೊದಿಸಿ ಮಲಗಿಸಿದೀಯ?" ಎಂದು ರೇಗಿಸುತ್ತಿದ್ದ.

ಬೀಜಕ್ಕೆ ಅಂಗಡಿಗೆ ಹೋದರೆ ಸಿಗುವುದಿಲ್ಲ. ಈ ನೆಲದ ಹುಲ್ಲು ಉಳಿದಿದ್ದದ್ದು ಹಳೆಯ ರೈಲು ಹಳಿಯ ದಿಬ್ಬದಲ್ಲಿ ಮಾತ್ರ. ಅಲ್ಲಿಗೆ ಯಾವ ನೇರಪ್ಪನೂ ಯಂತ್ರ ಒಯ್ದಿರಲಿಲ್ಲ. ಅಕ್ಕ ತಮ್ಮ ಇಬ್ಬರೂ ದಿಂಬಿನ ಚೀಲ ಹಿಡಿದು ಹೋಗಿ, ಹೊಂಬಣ್ಣಕ್ಕೆ ತಿರುಗಿದ ತೆನೆಗಳನ್ನು ಕೈಯಲ್ಲೇ ಸವರಿ ತುಂಬಿದರು. ಆ ಬೀಜವೋ, ಬೀಜವೆಂದರೆ ನಂಬುವಂತಿರಲಿಲ್ಲ. ಮೈತುಂಬ ರೋಮ, ಒಂದಕ್ಕೊಂದು ತೆಕ್ಕೆ ಹಾಯ್ದುಕೊಂಡು, ಹತ್ತಿಯ ಉಂಡೆಯ ಹಾಗೆ. ಮೈದಾನದ ಬೀಜ ಎರಚುವ ಯಂತ್ರಕ್ಕೆ ಸುರಿದ. ಎರಡು ಸುತ್ತಿಗೇ ಕಚ್ಚಿಕೊಂಡು ನಿಂತಿತು. ಕೊನೆಗೆ ಮರದ ಹೊಟ್ಟಿನ ಜೊತೆ ಕಲಸಿ ಕೈಯಲ್ಲೇ ಎರಚಬೇಕಾಯಿತು.

"ಹುರಿ ಕಟ್ಟಿ ಸಾಲಲ್ಲಿ ಹಾಕ್ಲಾ?" ಎಂದು ಆಸೆಯಿಂದ ಕೇಳಿದ.

"ಹುರಿ ತಂದ್ರೆ ಅದರಲ್ಲೇ ನಿನ್ನ ಕಟ್ಟಾಕ್ತೀನಿ," ಎಂದಳು ಅಕ್ಕ.

ಅರಣ್ಯ ಇಲಾಖೆಯ ಸಸಿತೋಟದಲ್ಲಿ ಒಬ್ಬ ಮೇಡಂ ಇದ್ದರು. ಮಣ್ಣು ಹತ್ತಿದ ಬೂಟು, ಕಡಿಮೆ ಮಾತು. ಒಂದು ದಿನ ಬಂದು ನೋಡಿ ಹೇಳಿದರು. "ಆಳಕ್ಕೆ ಹೂಳ್ಬೇಡಿ, ಬೀಜ ಮಣ್ಣಿಗೆ ಅಂಟಿದ್ರೆ ಸಾಕು. ಮೇಲೆ ರೋಲರ್ ಎಳೀರಿ. ಗೊಬ್ಬರ ಹಾಕ್ಬೇಡಿ, ಕಳೆ ತಿಂದು ಕೊಬ್ಬುತ್ತೆ. ಕಳೆ ಎತ್ತರಕ್ಕೆ ಬಂದ್ರೆ ಮಂಡಿ ಮಟ್ಟಕ್ಕೆ ಕತ್ತರಿಸಿ, ಅದಕ್ಕಿಂತ ಕೆಳಗೆ ಬೇಡ. ಆಮೇಲೆ ಕಾಯಿರಿ."

"ಎಷ್ಟು ದಿನ?"

"ಮೂರು ವರ್ಷ."

ನೇರಪ್ಪನಿಗೆ ಬವಳಿ ಬರುವುದೊಂದು ಬಾಕಿ. ಮೈದಾನದ ಹುಲ್ಲು ಮೂರು ವಾರಕ್ಕೆ ಆಟಕ್ಕೆ ಬರುತ್ತದೆ.

ಮೊದಲ ಮಳೆಗೆ ಬಂದದ್ದೆಲ್ಲ ಕಳೆಯೇ. ಅಗಲ ಎಲೆ, ಮುಳ್ಳು, ಬಳ್ಳಿ, ಹೆಸರಿಲ್ಲದ್ದು, ಹೆಸರಿದ್ದೂ ಹೇಳಬಾರದ್ದು. ನಡುನಡುವೆ ಹುಡುಕಿದರೆ ದಾರದಂಥ ಒಂದೊಂದು ಎಸಳು. ಬೀದಿಯ ಜನ ಕಿಟಕಿಯಿಂದ ಇಣುಕಿ, ಇಷ್ಟು ವರ್ಷ ಮೈದಾನ ನೋಡಿಕೊಂಡವನು ಇವನೇನಾ ಎಂದರು. ಅವನಿಗೆ ಅವಮಾನದಿಂದ ತಲೆ ಎತ್ತಲಾಗಲಿಲ್ಲ. ಒಂದು ಬೆಳಿಗ್ಗೆ ಯಾರಿಗೂ ಹೇಳದೆ ಗೊಬ್ಬರದ ಮೂಟೆ ಹೊತ್ತು ತಂದು ಇಳಿಸಿದ. ಅಕ್ಕ ಮೇಲಿಂದ ನೋಡಿ, ಇಳಿದು ಬಂದು, ಆ ಮೂಟೆಯ ಮೇಲೆಯೇ ಕೂತಳು. ಬಿಸಿಲೇರುವವರೆಗೂ ಕೂತಿದ್ದಳು. ಅವಳನ್ನು ಎಬ್ಬಿಸುವ ಧೈರ್ಯ ಯಾರಿಗಿತ್ತು? ಸಂಜೆ ಮೂಟೆ ವಾಪಸು ಹೋಯಿತು.

ಆ ವರ್ಷ ಹರಕು ಕಿವಿಯವಳು ಕುರುಚಲಿನ ಅಂಚಿನವರೆಗೆ ಬಂದು, ನಿಂತು, ಮೂಸಿ, ಹಿಂದಿರುಗಿದಳು. ಮರಿಯನ್ನು ಎಲ್ಲಿಟ್ಟಳೋ, ಅದಕ್ಕೇನಾಯಿತೋ, ಯಾರಿಗೂ ತಿಳಿಯಲಿಲ್ಲ. ಆಮೇಲೆ ಅವಳು ಬಂದಾಗಲೆಲ್ಲ ಒಬ್ಬಳೇ ಬಂದಳು.

ಎರಡನೆಯ ವರ್ಷವೂ ಹುಲ್ಲು ಗೇಣು ದಾಟದೆ ನಿಂತಾಗ ನೇರಪ್ಪ ಕೈಚೆಲ್ಲಿದ. ಬೀಜವೇ ಸರಿಯಿಲ್ಲ, ಎಲ್ಲ ಅಗೆದು ಹೊಸದಾಗಿ ಶುರು ಮಾಡುವುದೇ ಮೇಲು ಎಂದು ತೀರ್ಮಾನಿಸಿ, ಅಕ್ಕ ಕಣ್ಣು ತೋರಿಸಲು ಆಸ್ಪತ್ರೆಗೆ ಹೋಗುವ ದಿನ ನೋಡಿಕೊಂಡು ಗುದ್ದಲಿ ತಂದ. ಒಂದು ಮೂಲೆಯಲ್ಲಿ ಮೊದಲ ಏಟು ಹಾಕಿ ಒಂದು ಬುಡವನ್ನು ಹಿಡಿದೆಳೆದ. ಬರಲಿಲ್ಲ. ಸುತ್ತ ಅಗೆದ. ಬರಲಿಲ್ಲ. ರೇಗಿಹೋಯಿತು. ಗೇಣುದ್ದದ ಹುಲ್ಲು ತನ್ನಂಥವನಿಗೆ ಎದುರು ನಿಲ್ಲುವುದೇ? ಮಂಡಿಯೂರಿ, ಹಲ್ಲು ಕಚ್ಚಿ, ಭುಜ ಮುಳುಗುವಷ್ಟು ಆಳ ತೋಡಿದ. ಬೇರು ಇನ್ನೂ ಕೆಳಕ್ಕೆ ಹೋಗುತ್ತಲೇ ಇತ್ತು, ಹುರಿಯಷ್ಟು ಗಟ್ಟಿ, ಹುರಿಗಿಂತ ನೇರ. ಮೇಲೆ ಗೇಣು, ಕೆಳಗೆ ಎರಡು ಮೊಳ.

ಅವನು ಗುಂಡಿಯ ಪಕ್ಕದಲ್ಲೇ ಕುಂಡೆಯೂರಿ ಕೂತುಬಿಟ್ಟ. ಎರಡು ವರ್ಷದಿಂದ ಇದು ಸುಮ್ಮನೆ ಕೂತಿದೆ ಎಂದುಕೊಂಡಿದ್ದನಲ್ಲ, ಕೂತಿರಲಿಲ್ಲ. ಅವನು ನೋಡದ ಕಡೆ ದುಡಿಯುತ್ತಿತ್ತು. ಜೀವಮಾನವೆಲ್ಲ ಹುಲ್ಲಿನ ನೆತ್ತಿ ನೋಡಿದವನು ಅದರ ಕಾಲು ನೋಡಿದ್ದು ಅವತ್ತೇ ಮೊದಲು. ನಾಚಿಕೆಯೂ ಆಯಿತು, ಖುಷಿಯೂ ಆಯಿತು. ಬುಡವನ್ನು ಹುಷಾರಾಗಿ ನೆಟ್ಟಗೆ ನಿಲ್ಲಿಸಿ, ಮಣ್ಣು ಮುಚ್ಚಿ, ಅಂಗೈಯಿಂದ ತಟ್ಟಿ, ಗುದ್ದಲಿಯನ್ನು ಬೆನ್ನ ಹಿಂದೆ ಮುಚ್ಚಿಟ್ಟುಕೊಂಡು ಮನೆಗೆ ಹೋದ. ಸೈಕಲ್‌ನವನು ನೋಡಿದ್ದ, ಆದರೆ ಹೇಳಲಿಲ್ಲ. ಅವನಲ್ಲೂ ಅಷ್ಟು ಒಳ್ಳೆಯತನವಿತ್ತು.

ಆ ರಾತ್ರಿ ಊಟಕ್ಕೆ ಕೂತಾಗ ಹೆಂಡತಿಗೆ ಮಾತ್ರ ಹೇಳಿದ. "ಎರಡು ಮೊಳ ಕಣೇ. ಎರಡು ಮೊಳ!"

"ನಿಮ್ಮಕ್ಕನ ತಾಳ್ಮೆ ಹಾಗೆ," ಎಂದಳು ಅವಳು. "ಮೇಲೆ ಕಾಣಲ್ಲ."

ಮೂರನೆಯ ವರ್ಷದ ಮಳೆಗೆ ಅದು ಎದ್ದಿತು. ಅವನು ಎಬ್ಬಿಸಿದ್ದಲ್ಲ, ಅದೇ ಎದ್ದದ್ದು. ತಿಂಗಳಲ್ಲಿ ಸೊಂಟ, ಎರಡು ತಿಂಗಳಲ್ಲಿ ಭುಜ, ತೆನೆ ಹೊರಡುವ ಹೊತ್ತಿಗೆ ನೇರಪ್ಪನ ತಲೆ ಮುಳುಗಿತು. ಕಳೆ ನೆರಳಿಗೆ ಸಿಕ್ಕಿ ಸೊರಗಿತು. ಗಾಳಿ ಬಂದರೆ ಇಡೀ ಎಕರೆ ಒಂದು ಕಡೆಯಿಂದ ಇನ್ನೊಂದು ಕಡೆಗೆ ವಾಲುತ್ತಿತ್ತು, ಒಂದು ಎಸಳೂ ಇನ್ನೊಂದರ ಸಾಲಿನಲ್ಲಿರಲಿಲ್ಲ. ಅವನಿಗೆ ಮೊದಮೊದಲು ಕಣ್ಣು ಚುಚ್ಚಿತು. ಆಮೇಲೆ ಚುಚ್ಚುವುದು ಯಾವಾಗ ನಿಂತಿತೋ ಅವನಿಗೇ ಗೊತ್ತಾಗಲಿಲ್ಲ. ಹುಲ್ಲಿನೊಳಗೆ ಉರುಟಾಗಿ ಒತ್ತಿದ ಜಾಗಗಳು ಮತ್ತೆ ಕಂಡವು. ಈ ಸಲ ಅವನು ಸೋಮಾರಿಗಳನ್ನು ಬೈಯಲಿಲ್ಲ. ಬಗ್ಗಿ, ಕೈಯಿಟ್ಟು, ಬೆಚ್ಚಗಿದೆಯೇ ಎಂದು ನೋಡಿದ.

ಮಳೆ ಹೋಗಿ ಹುಲ್ಲು ಒಣಗತೊಡಗಿದಾಗ ಬೀದಿಯವರು ದೂರಿತ್ತರು. ಯಾರಾದರೂ ಸಿಗರೇಟು ಎಸೆದರೆ ಮನೆಗಳಿಗೆ ಬೆಂಕಿ ಬರುತ್ತದೆ ಎಂಬುದು ಅವರ ಭಯ, ಅದು ಸುಳ್ಳೂ ಅಲ್ಲ. ಸಸಿತೋಟದ ಮೇಡಂ ಬಂದು, ಮನೆಗಳ ಕಡೆಗೆ ಉದ್ದಕ್ಕೂ ಎರಡು ಯಂತ್ರದಗಲ ಪಟ್ಟಿ ನೆಲಮಟ್ಟಕ್ಕೆ ಕತ್ತರಿಸಿ, ಬೆಂಕಿ ದಾಟದಂತೆ ಇರಲಿ ಎಂದರು. "ಬೇಗ ಮಾಡಿ. ಮರಿ ಹಾಕೋ ಕಾಲಕ್ಕೆ ಇನ್ನೊಂದು ತಿಂಗಳಿದೆ." ಬೇಗ ಮಾಡಲು ನೇರಪ್ಪನಿಗೆ ಮೊಣಕಾಲು ಬಿಡಲಿಲ್ಲ. ಎರಡು ವಾರ ಹಾಸಿಗೆ ಹಿಡಿದು, ಎದ್ದ ಮಾರನೆಯ ದಿನವೇ ಯಂತ್ರ ತಳ್ಳಿಕೊಂಡು ಹೋದ. ತಿಂಗಳಿದೆ ಎಂದು ಲೆಕ್ಕ ಹಾಕಿದವರು ಮನುಷ್ಯರು. ಜಿಂಕೆಗಳಿಗೆ ಕ್ಯಾಲೆಂಡರು ಯಾರು ಕೊಟ್ಟಿದ್ದಾರೆ?

ಮೂರು ವರ್ಷದ ಮೇಲೆ ಮೊದಲ ಸಲ ಹುರಿ ಬಿಚ್ಚುವ ದಿನ. ಅವನ ಕೈ ತುರಿಸುತ್ತಿತ್ತು. ಆ ತುದಿಗೊಂದು ಗೂಟ, ಈ ತುದಿಗೊಂದು ಗೂಟ, ನಡುವೆ ಹುರಿ ಬಿಗಿದು ಒಂದು ಸಲ ಮೀಟಿದ. ಟಂಯ್ ಎಂದಿತು. ಯಂತ್ರ ಸಿದ್ಧವಿತ್ತು. ಬಿಸಿಲೇರುವ ಮುಂಚೆ ಮುಗಿಸಬೇಕು. ಮೊಣಕಾಲು ಬೇರೆ ಮಿಡಿಯುತ್ತಿತ್ತು. ಇಲ್ಲಿ ಯಾವ ಚೆಂಡು, ಯಾವ ಬೀಗದ ಕೈ ಬಿದ್ದಿರುತ್ತದೆ, ಇವತ್ತೊಂದು ದಿನ ನಡೆಯದಿದ್ದರೇನು ಎಂದು ಒಂದು ಕ್ಷಣ ಅನಿಸಿತು. ಆದರೆ ಮೂವತ್ತೈದು ವರ್ಷದ ಕಾಲು ಅವನ ಮಾತು ಕೇಳಲಿಲ್ಲ, ಕೋಲು ಹಿಡಿದು ತಾನಾಗಿಯೇ ಹೊರಟಿತು.

ಮುಕ್ಕಾಲು ದಾರಿ ನಡೆದಿದ್ದ. ಹುರಿಯಿಂದ ಒಂದು ಅಡಿ ಒಳಗೆ, ಸರಿಯಾಗಿ ಯಂತ್ರ ಹಾಯಬೇಕಾದಲ್ಲಿ, ಕೋಲಿನಿಂದ ಎಸಳು ಸರಿಸಿದ. ಒಣಗಿದ ಎಲೆಯ ಬಣ್ಣದ ಏನೋ. ಅದರ ಮೇಲೆ ಬಿಳಿ ಚುಕ್ಕಿಗಳು. ಚುಕ್ಕಿಗಳ ಒಂದು ತುದಿಯಲ್ಲಿ ಒದ್ದೆಯಾದ ಕಪ್ಪು ಕಣ್ಣು.

ನೇರಪ್ಪ ಕೋಲನ್ನು ಅಲ್ಲೇ ತಡೆದ. ಮರಿ ಅಲ್ಲಾಡಲಿಲ್ಲ. ಅವನ ನೆರಳು ಮೇಲೆ ಬಿದ್ದರೂ ಅಲ್ಲಾಡಲಿಲ್ಲ, ಕಿವಿ ಕೂಡ ಬೆನ್ನಿಗೆ ಅಂಟಿಸಿಕೊಂಡು ಮಲಗಿತ್ತು. ಯಂತ್ರ ಬಂದಿದ್ದರೂ ಹೀಗೇ ಮಲಗಿರುತ್ತಿತ್ತು ಎಂಬುದು ಅವನಿಗೆ ಆಗ ಹೊಳೆಯಿತು. ಮುಟ್ಟಬಾರದೆಂದು ಮೇಡಂ ಹೇಳಿದ್ದರು. ಮುಟ್ಟಲಿಲ್ಲ. ಎಸಳುಗಳನ್ನು ಕೋಲಿನಿಂದಲೇ ಮೆಲ್ಲಗೆ ಮೊದಲಿನಂತೆ ಬಾಗಿಸಿ ಮುಚ್ಚಿ, ಹಿಮ್ಮುಖವಾಗಿ ಹೆಜ್ಜೆ ಹಾಕುತ್ತ ಬಂದ. ಮೊಣಕಾಲು ನೋಯುತ್ತಿದೆ ಎಂಬುದೂ ಮರೆತುಹೋಗಿತ್ತು.

ಪಟ್ಟಿ ಕತ್ತರಿಸದೆ ಬಿಡುವಂತಿರಲಿಲ್ಲ, ಬೆಂಕಿಯೂ ಸುಳ್ಳಲ್ಲವಲ್ಲ. ಯಂತ್ರ ಅಲ್ಲೇ ಬಿಟ್ಟು, ಸೈಕಲ್‌ನವನ ಹತ್ತಿರ ಕುಡುಗೋಲು ಕೇಳಿ ತಂದ. ಸದ್ದಾಗದಂತೆ ಕೈಯಲ್ಲೇ ಕೊಯ್ದ, ಇಡೀ ದಿನ. ಮರಿ ಇದ್ದಲ್ಲಿಗೆ ಬಂದಾಗ ಗೂಟದಿಂದ ಹುರಿ ಬಿಚ್ಚಿ ಸುತ್ತಿ ಜೇಬಿಗೆ ಹಾಕಿಕೊಂಡ. ಅಲ್ಲಿಂದ ದೂರ ಹೊರಳಿ, ಬೀದಿಯ ಕಡೆಗೆ ದೊಡ್ಡದಾಗಿ ಬಳಸಿ, ಆಚೆ ಹೋಗಿ ಮತ್ತೆ ಸೇರಿಕೊಂಡ. ಮುಗಿಸಿ ನೋಡಿದರೆ ಪಟ್ಟಿ ತುಂಬು ಬಸುರಿಯ ಹೊಟ್ಟೆಯ ಹಾಗೆ ನಡುವೆ ಉಬ್ಬಿತ್ತು.

ಸಂಜೆ ಮೇಲಿನ ಕಿಟಕಿ ತೆರೆಯಿತು.

"ಏನೋ ಅದು? ಗೆರೆ ಸೊಟ್ಟ ಹೋಗಿದೆ?" ಅಕ್ಕನ ದನಿ ಬೀದಿಗೆಲ್ಲ ಕೇಳಿಸಿತು. "ವಯಸ್ಸಾಯ್ತು ನಿಂಗೂ!"

ನೇರಪ್ಪ ತುಟಿಯ ಮೇಲೆ ಬೆರಳಿಟ್ಟು, ಒಂದೊಂದೇ ಮೆಟ್ಟಿಲು ಹತ್ತಿ ಹೋದ. ಅಕ್ಕ ಅವನ ಮುಖ ನೋಡಿದಳು, ಮತ್ತೆ ಆ ಬಾಗು ನೋಡಿದಳು, ಮತ್ತೆ ಅವನ ಮುಖ ನೋಡಿದಳು. ಏನೂ ಕೇಳದೆ ಇನ್ನೊಂದು ಕುರ್ಚಿ ಎಳೆದು ಕಿಟಕಿಯ ಬಳಿ ಹಾಕಿದಳು. ಇಬ್ಬರೂ ಕೂತರು. ಕೆಳಗೆ ಸೈಕಲ್‌ನವನೂ ಯಾಕೋ ಚಕ್ರ ತಿರುಗಿಸುವುದು ನಿಲ್ಲಿಸಿದ್ದ.

ಬೆಳಕು ಇನ್ನೂ ಇದ್ದಾಗಲೇ ಕುರುಚಲಿನಿಂದ ಹರಕು ಕಿವಿಯವಳು ಹೊರಬಂದಳು. ನಾಯಿಗಳಿರುವ ಬೀದಿಯ ಕಡೆ ಬಹಳ ಹೊತ್ತು ನೋಡಿದಳು. ಎತ್ತರದ ಹುಲ್ಲಿನೊಳಗೆ ಹೊಕ್ಕಳು, ಕಾಣದಾದಳು. ತೆನೆಗಳು ಮಾತ್ರ ಸಾಲಾಗಿ ಅಲ್ಲಾಡುತ್ತ ಆ ಬಾಗಿನವರೆಗೆ ಬಂದು ನಿಂತವು. ಅಲ್ಲಿಂದ ಒಂದು ಕೂಗು, ಮೆಲ್ಲಗೆ. ಅಕ್ಕ ಉಸಿರು ಬಿಗಿಹಿಡಿದು ಕಿವಿಯನ್ನು ಕಿಟಕಿಗೆ ಒಡ್ಡಿದಳು. ಇನ್ನೊಂದು ಕೂಗು. ಆಗ ಹುಲ್ಲಿನ ಬುಡದಿಂದ ಸಣ್ಣ ದನಿಯೊಂದು ತಿರುಗಿ ಕೂಗಿತು.

ಅಕ್ಕ ನೇರಪ್ಪನ ಮಣಿಕಟ್ಟು ಹಿಡಿದುಕೊಂಡಳು.

"ಎತ್ತಿದ್ರು ಕಣೋ," ಎಂದಳು.

ನೇರಪ್ಪ ಇನ್ನೊಂದು ಕೈಯಿಂದ ಜೇಬಿನಲ್ಲಿ ಕರವಸ್ತ್ರ ಹುಡುಕಿದ. ಸಿಕ್ಕಿದ್ದು ಹುರಿಯ ಉಂಡೆ. ಅದರಲ್ಲೇ ಕಣ್ಣೊರೆಸಿಕೊಂಡ.